ಕನಗನಹಳ್ಳಿಯ ದಾನಿಗಳು ಮತ್ತು ಬೌದ್ಧ ಸ್ತ್ರೀಸಮಾನತೆಯ ವಾದ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾದ ಶಾಸನವು 'ದೇವಾನಾಂಪ್ರಿಯ'ನ ನಿಜನಾಮ ಅಶೋಕನೆಂದು ತಿಳಿಸಿಕೊಟ್ಟ ಕಾರಣಕ್ಕೆ ಪ್ರಸಿದ್ಧವಾಗಿದೆ. ಧರ್ಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಧರ್ಮನಿಷ್ಠನಾದ ಸಣ್ಣವನಿಗೂ ಅದು ದಕ್ಕುತ್ತದೆ ಎಂಬುದು ಅದೇ ಶಾಸನದ ಇನ್ನೊಂದು ಮಾತು. ಇದನ್ನೇ ಆಧಾರವಾಗಿಸಿಕೊಂಡು, ಬೌದ್ಧಧರ್ಮವು ಈ ನೆಲದ ಸ್ತ್ರೀಯರಿಗೆ ಸಮಾನತೆಯನ್ನು ತಂದಿತೆಂದು ಹೇಳುವುದು ಅವಸರದ ತೀರ್ಮಾನ. ಆ 'ಸಣ್ಣವನ' ಜಾಗದಲ್ಲಿ ಸ್ತ್ರೀಯನ್ನು ತಂದು ನಿಲ್ಲಿಸುವವರು ಇಂದಿನ ಓದುಗರು, ಶಾಸನದಲ್ಲಿ ಅವಳಿಲ್ಲ. ಅವಳು ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಅಶೋಕನ ಬೇರೆ ಶಾಸನಗಳಲ್ಲಿ. 9ನೆಯ ಬಂಡೆಶಾಸನ ಸ್ತ್ರೀಯರು ಮಾಡುವ ಬಗೆಬಗೆಯ ಮಂಗಳವಿಧಿಗಳನ್ನು ಕ್ಷುದ್ರವೆಂದೂ ನಿರರ್ಥಕವೆಂದೂ ತಳ್ಳಿಹಾಕುತ್ತದೆ. 12ನೆಯದು ಸ್ತ್ರೀಯರ ಮೇಲ್ವಿಚಾರಣೆಗೆ ನೇಮಕಗೊಂಡ ಮಹಾಮಾತ್ರರನ್ನು ಹೆಸರಿಸುತ್ತದೆ.

ಎದುರು ಪಕ್ಷದ ವಾದವೂ ಇಷ್ಟೇ ಅವಸರದ್ದು. ಮಹಾಪ್ರಜಾಪತಿ ಗೌತಮಿಗೆ ವಿಧಿಸಲಾಯಿತೆನ್ನುವ ಎಂಟು ಗರುಧಮ್ಮಗಳನ್ನು, ಅದರಲ್ಲೂ ದೀಕ್ಷೆಯಾಗಿ ನೂರು ವರ್ಷ ಕಳೆದ ಭಿಕ್ಷುಣಿಯೂ ಅಂದೇ ದೀಕ್ಷೆ ಪಡೆದ ಭಿಕ್ಷುವಿಗೆ ವಂದಿಸಬೇಕೆಂಬ ಮೊದಲ ನಿಯಮವನ್ನು, ಉದ್ಧರಿಸಿದೊಡನೆ ಚರ್ಚೆ ಮುಗಿಯಿತೆಂದು ಅದು ಭಾವಿಸುತ್ತದೆ. ಸ್ತ್ರೀಯರ ಅವನತಿಗೆ ಬುದ್ಧನೇ ಹೊಣೆಯೆಂಬ ಆರೋಪಕ್ಕೆ ಅಂಬೇಡ್ಕರ್ 1951ರಲ್ಲಿ 'ಮಹಾಬೋಧಿ' ಪತ್ರಿಕೆಯಲ್ಲಿ ಉತ್ತರಿಸಿ, ಸ್ತ್ರೀನಿಂದೆಯ ಮಾತುಗಳನ್ನು ಭಿಕ್ಷುಗಳು ಆಮೇಲೆ ಸೇರಿಸಿರಬೇಕೆಂದು ವಾದಿಸಿದರು. ಆ ಉತ್ತರವನ್ನು ಒಪ್ಪಲಿ ಬಿಡಲಿ, ಅದು ಎತ್ತಿದ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು: ಆ ಗ್ರಂಥಗಳನ್ನು ಕಾಪಾಡಿ, ತಿದ್ದಿ, ಮುಂದಿನವರಿಗೆ ಒಪ್ಪಿಸಿದವರು ಯಾರು?

ಭಿಕ್ಷುಗಳ ಕೈದಾಟಿ ಬಾರದ ಆಧಾರವೊಂದು ಕನ್ನಡನಾಡಿನಲ್ಲೇ ಇದೆ. ಕಲಬುರಗಿ ಜಿಲ್ಲೆಯ ಭೀಮಾತೀರದಲ್ಲಿ, ಸನ್ನತಿಯ ನೆರೆಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದು ತೆಗೆದ ಶಾತವಾಹನಕಾಲದ ಮಹಾಚೈತ್ಯದಲ್ಲಿ ದಾನಿಗಳ ಹೆಸರು ಹೊತ್ತ ಬ್ರಾಹ್ಮೀಲಿಪಿಯ ಪ್ರಾಕೃತ ಬರಹಗಳಿವೆ. ಆ ದಾನಿಗಳಲ್ಲಿ ಭಿಕ್ಷುಣಿಯರೂ ಗೃಹಿಣಿಯರೂ ಸೇರಿದ್ದಾರೆ. ಅಶೋಕನ ಪ್ರಸಿದ್ಧ ಶಿಲ್ಪವಿರುವುದೂ ಇಲ್ಲಿಯೇ. ಅದರಲ್ಲಿ ರಾಣಿ ಅರಸನ ಪಕ್ಕದಲ್ಲಿ ನಿಂತಿದ್ದಾಳೆ. ಕೆಳಗಿನ ಬರಹ ಹೆಸರಿಸುವುದು ಅಶೋಕನನ್ನು ಮಾತ್ರ. ಮೂರ್ತಿಯಿದ್ದ ರಾಣಿಗೆ ಸಿಗದ ಅಕ್ಷರ, ಶಿಲೆಯೊಂದನ್ನು ದಾನವಿತ್ತ ಸಾಮಾನ್ಯ ಹೆಣ್ಣಿಗೆ ಸಿಕ್ಕಿದೆ. ಇಂಥ ಹೆಣ್ಣಿನ ಗುರುತು ಹಲವೊಮ್ಮೆ ಮಗಳು, ಹೆಂಡತಿ, ತಾಯಿ ಎಂಬ ಸಂಬಂಧದ ಮೂಲಕವೇ ಬರುತ್ತದೆ ನಿಜ. ಆದರೆ ದಾನ ಕೊಡಲು ಕೈಯಲ್ಲಿ ಒಂದಿಷ್ಟು ಧನವಿರಬೇಕು. ಅದರ ಪುಣ್ಯ ತನ್ನದೆಂದು ಕಲ್ಲಿನಲ್ಲಿ ಹೇಳಿಕೊಳ್ಳಲು ಸಮಾಜದ ಸಮ್ಮತಿಯೂ ಬೇಕು. ಗರುಧಮ್ಮಗಳನ್ನಷ್ಟೇ ಓದಿದವನಿಗೆ ಇವೆರಡೂ ಕಾಣುವುದಿಲ್ಲ. ಇದು ಸಮಾನತೆಯಲ್ಲ. ಆದರೆ ಸಮಾನತೆಯಲ್ಲದ್ದೆಲ್ಲ ದಾಸ್ಯವೂ ಅಲ್ಲ.

ಬೌದ್ಧ ವಿನಯದ ಮೇಲೆ ಬೆರಳು ತೋರುವ ಜೈನ ವಿದ್ವಾಂಸರು ಮನೆಯ ಗ್ರಂಥಭಂಡಾರವನ್ನೂ ಒಮ್ಮೆ ತೆರೆದು ನೋಡಬೇಕು. ಹಿರಿಯ ಆರ್ಯಿಕೆ ಹೊಸ ಮುನಿಗೆ ವಂದಿಸಬೇಕೆಂಬ ವಿಧಿ ಜಿನಶಾಸನದಲ್ಲೂ ಇದೆ. ಸ್ತ್ರೀಗೆ ಅದೇ ಜನ್ಮದಲ್ಲಿ ಮೋಕ್ಷವಿಲ್ಲವೆಂಬುದು ದಿಗಂಬರರ ನಿಲುವು. ಅದನ್ನು ಎದುರಿಸಿ, ಸ್ತ್ರೀಮುಕ್ತಿಯನ್ನು ಸಮರ್ಥಿಸಿ ಗ್ರಂಥವನ್ನೇ ರಚಿಸಿದವನು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಯಾಪನೀಯ ಆಚಾರ್ಯ ಶಾಕಟಾಯನ. ಅವನನ್ನು ವೈಯಾಕರಣನೆಂದು ಮಾತ್ರ ನೆನೆದು ಮುಂದೆ ಸಾಗುವುದು ಅನುಕೂಲದ ಮರೆವು.

ಬೌದ್ಧಪಕ್ಷದ ಕೊನೆಯ ಅಸ್ತ್ರ ತಾರಾದೇವಿ: ದೇವಿಯನ್ನು ಪೂಜಿಸಿದ ಧರ್ಮ ಹೆಣ್ಣನ್ನು ಗೌರವಿಸಿರಲೇಬೇಕು ಎಂಬ ತರ್ಕ. 1095ರ ಡಂಬಳದ ಶಾಸನ ಇದಕ್ಕೆ ಸಾಕ್ಷಿ ನುಡಿಯುವುದಿಲ್ಲ. ಆರನೆಯ ವಿಕ್ರಮಾದಿತ್ಯನ ರಾಣಿ ಲಕ್ಷ್ಮೀದೇವಿಯ ಆಳ್ವಿಕೆಗೆ ಸೇರಿದ್ದ ಆ ಊರಿನಲ್ಲಿ ಆರ್ಯತಾರೆಗೂ ಬುದ್ಧನಿಗೂ ವಿಹಾರವಿತ್ತು. ಸಿಂಹಾಸನದ ಮೇಲೂ ಪೀಠದ ಮೇಲೂ ಸ್ತ್ರೀಯೇ ಇದ್ದಾಗ, ವಿಹಾರ ಕಟ್ಟಿಸಿದವರೆಂದು ಶಾಸನ ಹೇಳುವುದು ಹದಿನಾರು ಮಂದಿ ಸೆಟ್ಟಿಗಳನ್ನು. ಒಂದೇ ಶಾಸನದಿಂದ ಇಡೀ ಕಾಲವನ್ನು ಅಳೆಯಲಾಗದು, ನಿಜ. ಅಳೆಯಹೊರಟವರು ಮಾತ್ರ ಕನಗನಹಳ್ಳಿಯ ದಾನಿಗಳನ್ನು ಬಿಟ್ಟು ಡಂಬಳದ ದೇವಿಯನ್ನೇ ಹಿಡಿದುಕೊಂಡಿದ್ದಾರೆ.