ಕಿವಿಯುಳ್ಳ ಪೆಟ್ಟಿಗೆಯನ್ನು ಕೊಳ್ಳುವ ಮುನ್ನ

ಕೆಲವು ದಿನಗಳ ಹಿಂದೆ ನನ್ನ ಮಿತ್ರರೊಬ್ಬರು ಮನೆಗೊಂದು ಸ್ಮಾರ್ಟ್ ಸ್ಪೀಕರನ್ನು ಕೊಳ್ಳಲು ಹೊರಟವರು ನನ್ನನ್ನೂ ಜೊತೆಯಲ್ಲಿ ಕರೆದೊಯ್ದರು. "ಮೇಷ್ಟ್ರೇ, ನೀವು ಭೌತಶಾಸ್ತ್ರ ಪಾಠ ಹೇಳುವವರು, ಶಬ್ದದ ವಿಷಯದಲ್ಲಿ ನಿಮಗೆ ತಿಳಿಯದ್ದೇನಿದೆ? ಒಳ್ಳೆಯದೊಂದನ್ನು ಆರಿಸಿಕೊಡಿ" ಎಂಬುದು ಅವರ ಅಪೇಕ್ಷೆ. ಅಂಗಡಿಯ ತರುಣನು ಮೂರು ನಾಲ್ಕು ಸ್ಪೀಕರುಗಳನ್ನು ಸಾಲಾಗಿ ಇರಿಸಿ, ಒಂದೊಂದರಲ್ಲಿಯೂ ಅದೇ ಹಾಡನ್ನು ನುಡಿಸಿ, ಕೊನೆಗೆ ಮೇಜು ಅದುರುವಷ್ಟು ಧ್ವನಿಯನ್ನು ಏರಿಸಿ ತೋರಿಸಿದನು. ಮಿತ್ರರು ತಲೆದೂಗಿದರು. "ಇದರ ಮೈಕ್ರೊಫೋನನ್ನು ನಿಲ್ಲಿಸುವ ಗುಂಡಿ ಎಲ್ಲಿದೆಯಪ್ಪ?" ಎಂದು ನಾನು ಕೇಳಿದಾಗ ಅವನು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಬೇಕಾಯಿತು. ಅದುವರೆಗೆ ಯಾವ ಗಿರಾಕಿಯೂ ಆ ಪ್ರಶ್ನೆಯನ್ನು ಕೇಳಿರಲಿಲ್ಲವಂತೆ.

ಈ ಲೇಖನವನ್ನು ಬರೆಯಲು ಆ ಸಣ್ಣ ಸಂಗತಿಯೇ ಪ್ರೇರಣೆ. ನಾವು ಇಂಥ ಉಪಕರಣವನ್ನು ಅದರ ಬಾಯಿಯನ್ನು ನೋಡಿ ಕೊಳ್ಳುತ್ತೇವೆ. ಕೊಳ್ಳಬೇಕಾದದ್ದು ಅದರ ಕಿವಿಯನ್ನು ನೋಡಿ. ಕಿವಿಯನ್ನು ಪರೀಕ್ಷಿಸುವಾಗಲೂ ತಯಾರಕರು ಕೊಡುವ ವಚನಕ್ಕಿಂತ ಪೆಟ್ಟಿಗೆಯೊಳಗಿನ ವಿದ್ಯುನ್ಮಂಡಲಕ್ಕೆ ಹೆಚ್ಚು ಬೆಲೆ ಕೊಡಬೇಕು. ಇದು ನನ್ನ ಅಭಿಪ್ರಾಯ. ಇಂದು ಅನೇಕ ಮನೆಗಳಲ್ಲಿ ಇಂಥ ವಸ್ತುಗಳನ್ನು ಆರಿಸುವ ಭಾರ ಬೀಳುವುದು ಓದುವ ಮಕ್ಕಳ ಮೇಲೆಯೇ ಆದ್ದರಿಂದ, ಇದನ್ನು ವಿದ್ಯಾರ್ಥಿಗಳ ಮುಂದಿಡುವುದು ಉಚಿತವೆಂದು ತೋರಿತು.

ಮಾತನಾಡುವ ಪೆಟ್ಟಿಗೆ ನಮ್ಮ ಮನೆಗಳಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಪ್ರಸಿದ್ಧಿಗೆ ಬಂದುದು ಆ ಕೇಂದ್ರದಿಂದಲೇ. ಅಂದಿನಿಂದ ರೇಡಿಯೋ ನಮ್ಮ ಪಡಸಾಲೆಗಳಲ್ಲಿ ಸಂಗೀತ ನುಡಿಸಿತು, ವಾರ್ತೆ ಓದಿತು. ಆದರೆ ಅದರ ಮುಂದೆ ಕುಳಿತು ನಾವು ಆಡಿದ ಮಾತಿನಲ್ಲಿ ಒಂದಕ್ಷರವೂ ಅದಕ್ಕೆ ತಿಳಿಯುತ್ತಿರಲಿಲ್ಲ. ಅದಕ್ಕೆ ಬಾಯಿಯಿತ್ತು, ಕಿವಿಯಿರಲಿಲ್ಲ. ಯಂತ್ರಕ್ಕೆ ಕಿವಿ ಕೊಡುವ ಪ್ರಯತ್ನ ಬೇರೆಯಾಗಿಯೇ ನಡೆದಿತ್ತು. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 'ಆಡ್ರೆ' ಎಂಬ ಯಂತ್ರವು ಮನುಷ್ಯನು ಉಚ್ಚರಿಸಿದ ಅಂಕೆಗಳನ್ನು ಗುರುತಿಸಿತು. 1962ರಲ್ಲಿ ಐ.ಬಿ.ಎಂ. ಸಂಸ್ಥೆ ಪ್ರದರ್ಶಿಸಿದ 'ಶೂಬಾಕ್ಸ್' ಎಂಬ ಯಂತ್ರಕ್ಕೆ 16 ಶಬ್ದಗಳು ತಿಳಿಯುತ್ತಿದ್ದವು. ಬಾಯಿ ಕಿವಿಗಳೆರಡನ್ನೂ ಒಂದೇ ಪೆಟ್ಟಿಗೆಯಲ್ಲಿರಿಸಿ, ಅದನ್ನು ಅಂತರ್ಜಾಲಕ್ಕೆ ಜೋಡಿಸಿ ಮನೆಮನೆಗೆ ಮಾರುವ ವ್ಯಾಪಾರ ಆರಂಭವಾದುದು 2014ರಲ್ಲಿ, ಅಮೆಜಾನ್ ಸಂಸ್ಥೆಯ 'ಎಕೋ' ಸ್ಪೀಕರಿನಿಂದ. ಗೂಗಲ್ ಸಂಸ್ಥೆಯ ಸ್ಪೀಕರು 2016ರಲ್ಲಿ ಬಂದಿತು. ಆಪಲ್ ಸಂಸ್ಥೆಯದು 2018ರಲ್ಲಿ.

ಈ ಕಿವಿ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡೋಣ. ಪೆಟ್ಟಿಗೆಯೊಳಗೆ ಸಿಲಿಕಾನಿನಲ್ಲಿ ಕೆತ್ತಿದ, ಅಕ್ಕಿಯ ಕಾಳಿನಷ್ಟು ಸಣ್ಣ ಮೈಕ್ರೊಫೋನುಗಳು ಇರುತ್ತವೆ. ಮೊದಲನೆಯ 'ಎಕೋ'ವಿನಲ್ಲಿ ಅಂಥವು 7 ಇದ್ದವು. ಒಂದೇ ಸಾಲದೇ, ಏಳೇಕೆ? ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುತ್ತದೆ. ಎರಡು ಮೈಕ್ರೊಫೋನುಗಳ ನಡುವೆ 7 ಸೆಂಟಿಮೀಟರು ಅಂತರವಿದ್ದರೆ, ಪಕ್ಕದಿಂದ ಬಂದ ಮಾತು ಒಂದನ್ನು ಮುಟ್ಟಿದ ಮೇಲೆ ಮತ್ತೊಂದನ್ನು ಮುಟ್ಟಲು ಸೆಕೆಂಡಿನ 10,000ದಲ್ಲಿ 2 ಭಾಗದಷ್ಟು ಕಾಲ ಹಿಡಿಯುತ್ತದೆ. ಈ ಅತ್ಯಲ್ಪ ವ್ಯತ್ಯಾಸವನ್ನು ಅಳೆದು ಯಂತ್ರವು ಮಾತು ಬಂದ ದಿಕ್ಕನ್ನು ಕಂಡುಹಿಡಿಯುತ್ತದೆ. ಆ ದಿಕ್ಕಿನ ಧ್ವನಿಯನ್ನು ಹೆಚ್ಚಿಸಿ, ಉಳಿದ ಗದ್ದಲವನ್ನು ತಗ್ಗಿಸುತ್ತದೆ. ನಾವು ಎರಡು ಕಿವಿಗಳಿಂದ ಮಾಡುವ ಕೆಲಸವೂ ಇಂಥದೇ.

ಹೀಗೆ ಕೇಳಿದುದೆಲ್ಲವನ್ನೂ ಯಂತ್ರವು ಹೊರಗೆ ಕಳುಹಿಸುವುದಿಲ್ಲ. ಒಳಗಿರುವ ಚಿಕ್ಕ ಗಣಕವು ಕೆಲವು ಕ್ಷಣಗಳ ಧ್ವನಿಯನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು, ಹಳೆಯದನ್ನು ಅಳಿಸುತ್ತ, ತನ್ನನ್ನು ಕರೆಯುವ ಹೆಸರು ಬಂದಿತೇ ಎಂದು ಕಾದಿರುತ್ತದೆ. ಹೆಸರು ಕೇಳಿಸಿದೊಡನೆ ದೀಪ ಬೆಳಗುತ್ತದೆ. ಅನಂತರದ ಮಾತು ಸಾಮಾನ್ಯವಾಗಿ ಅಂತರ್ಜಾಲದ ಮೂಲಕ ಸಂಸ್ಥೆಯ ದೊಡ್ಡ ಗಣಕಗಳಿಗೆ ಹೋಗುತ್ತದೆ. ಅರ್ಥ ಬಿಡಿಸುವ ಕೆಲಸ ಬಹುಮಟ್ಟಿಗೆ ಅಲ್ಲಿ ನಡೆದು, ಉತ್ತರವು ಹಿಂದಿರುಗುತ್ತದೆ.

ಇದನ್ನು ಬರಿಯ ನಂಬಿಕೆಗೆ ಬಿಡಬೇಕಾಗಿಲ್ಲ, ಲೆಕ್ಕ ಹಾಕಿ ನೋಡಬಹುದು. ಮಾತನ್ನು ಸೆಕೆಂಡಿಗೆ 16,000 ಸಲ ಅಳೆದು, ಪ್ರತಿ ಅಳತೆಗೂ 2 ಬೈಟು ಬಳಸಿದರೆ ಸೆಕೆಂಡಿಗೆ 32,000 ಬೈಟುಗಳಾದವು. ದಿನವೊಂದಕ್ಕೆ ಸುಮಾರು 276 ಕೋಟಿ ಬೈಟುಗಳು. ಇದನ್ನು ಹತ್ತನೆಯ ಒಂದು ಭಾಗಕ್ಕೆ ಕುಗ್ಗಿಸಿ ಕಳುಹಿಸಿದರೂ ದಿನಕ್ಕೆ 27 ಕೋಟಿ ಬೈಟುಗಳಾಗುವುದು. ಯಾರೂ ಬಳಸದ ದಿನ ಇಷ್ಟು ದೊಡ್ಡ ಸಾಗಾಟ ನಡೆದರೆ ಮನೆಯ ವೈ-ಫೈ ಪೆಟ್ಟಿಗೆಯ ಲೆಕ್ಕದಲ್ಲಿ ಅದು ಎದ್ದು ಕಾಣಬೇಕು. ಆಸಕ್ತಿಯುಳ್ಳ ವಿದ್ಯಾರ್ಥಿಯು ಇದನ್ನು ತಾನೇ ಪರೀಕ್ಷಿಸಬಹುದು. ಆದರೆ ಹತ್ತು ಸೆಕೆಂಡುಗಳ ಮಾತಿಗೆ ಬೇಕಾಗುವುದು ಕೇವಲ 3,20,000 ಬೈಟು. ಅಷ್ಟು ಸಣ್ಣ ತುಣುಕು ಯಾರ ಕಣ್ಣಿಗೂ ಬೀಳದೆ ಹೊರಟುಹೋಗುತ್ತದೆ. ಆದುದರಿಂದ ಯಂತ್ರವು ಹಗಲಿರುಳು ನಮ್ಮನ್ನು ಕದ್ದು ಕೇಳುತ್ತಿದೆ ಎಂಬ ಭಯಕ್ಕಿಂತ, ಅದು ಆಗಾಗ ತಪ್ಪಾಗಿ ಕೇಳಿಸಿಕೊಳ್ಳುತ್ತದೆ ಎಂಬ ಎಚ್ಚರವೇ ಹೆಚ್ಚು ಯುಕ್ತ.

ತಪ್ಪು ಕೇಳಿಸಿಕೊಂಡುದಕ್ಕೆ ನಿದರ್ಶನಗಳಿವೆ. 2017ರ ಜನವರಿಯಲ್ಲಿ ಅಮೆರಿಕದ ಡಲ್ಲಾಸ್ ನಗರದ ಪುಟ್ಟ ಹುಡುಗಿಯೊಬ್ಬಳು ಸ್ಪೀಕರಿಗೆ ಹೇಳಿ ಬೊಂಬೆಮನೆಯನ್ನು ತರಿಸಿಕೊಂಡಳು. ಸ್ಯಾನ್ ಡಿಯಾಗೋ ನಗರದ ದೂರದರ್ಶನ ಕೇಂದ್ರವೊಂದು ಈ ವಾರ್ತೆಯನ್ನು ಬಿತ್ತರಿಸುವಾಗ ವಾರ್ತಾವಾಚಕರು ಅವಳ ಮಾತನ್ನು ಅನುಕರಿಸಿದರು. ಅದನ್ನೇ ಆಜ್ಞೆಯೆಂದು ತಿಳಿದು ತಮ್ಮ ಮನೆಯ ಸ್ಪೀಕರುಗಳೂ ಬೊಂಬೆಮನೆ ಕೊಳ್ಳಲು ಹೊರಟವೆಂದು ವೀಕ್ಷಕರು ದೂರಿದರು. ಇದು ನಗೆಯ ವಿಷಯವೆನ್ನೋಣ. ಆದರೆ 2018ರ ಮೇ ತಿಂಗಳಲ್ಲಿ ಪೋರ್ಟ್‌ಲೆಂಡ್ ನಗರದ ದಂಪತಿಗಳು ಮನೆಯೊಳಗೆ ಆಡಿಕೊಂಡ ಮಾತು ಧ್ವನಿಮುದ್ರಿತವಾಗಿ, ಸಿಯಾಟಲ್ ನಗರದಲ್ಲಿದ್ದ ಪರಿಚಿತರೊಬ್ಬರಿಗೆ ತಾನಾಗಿಯೇ ತಲುಪಿದ ಸಂಗತಿ ವರದಿಯಾಯಿತು. ಹೆಸರು ಕರೆದಂತೆ, ಸಂದೇಶ ಕಳುಹಿಸೆಂದಂತೆ, ಒಪ್ಪಿಗೆಯಿತ್ತಂತೆ ಹೀಗೆ ಒಂದರ ಮೇಲೊಂದು ತಪ್ಪಾಗಿ ಕೇಳಿಸಿತೆಂದು ಅಮೆಜಾನ್ ವಿವರಣೆ ಕೊಟ್ಟಿತು. 2019ರಲ್ಲಿ ಅಮೆಜಾನ್, ಗೂಗಲ್, ಆಪಲ್ ಈ ಮೂರು ಸಂಸ್ಥೆಗಳ ಪರವಾಗಿಯೂ ಕೆಲಸಗಾರರು ಧ್ವನಿಮುದ್ರಣಗಳಲ್ಲಿ ಕೆಲವನ್ನು ಕಿವಿಯಿಂದ ಕೇಳಿ ತಿದ್ದುತ್ತಿದ್ದರೆಂಬುದು ಪತ್ರಿಕೆಗಳಿಂದ ಹೊರಬಿದ್ದಿತು. 2023ರಲ್ಲಿ ಮಕ್ಕಳ ಧ್ವನಿಮುದ್ರಣಗಳನ್ನು ನಿಯಮ ಮೀರಿ ಉಳಿಸಿಕೊಂಡ ಆರೋಪದ ಮೇಲೆ ಅಮೆಜಾನ್ ಸಂಸ್ಥೆ ಅಮೆರಿಕದಲ್ಲಿ 2.5 ಕೋಟಿ ಡಾಲರು ದಂಡ ತೆರಲು ಒಪ್ಪಿತು.

ಶಬ್ದವೇ ಇಲ್ಲದೆಯೂ ಈ ಕಿವಿ ಮೋಸಹೋಗಬಲ್ಲದು. 2019ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯ ಮತ್ತು ಜಪಾನಿನ ಸಂಶೋಧಕರು ಕೂಡಿ, ಲೇಸರ್ ಕಿರಣದ ತೀವ್ರತೆಯನ್ನು ಮಾತಿನ ಕಂಪನಕ್ಕೆ ಸರಿಯಾಗಿ ಏರಿಳಿಸಿ ಮೈಕ್ರೊಫೋನಿನ ಮೇಲೆ ಬೀರಿದರು. ಬೆಳಕನ್ನೇ ಮಾತೆಂದು ಗ್ರಹಿಸಿದ ಸ್ಪೀಕರುಗಳಲ್ಲಿ ಕೆಲವು 110 ಮೀಟರು ದೂರದಿಂದ ಕೊಟ್ಟ ಆಜ್ಞೆಯನ್ನೂ ಪಾಲಿಸಿದವು. ಕಿಟಕಿಗೆ ಎದುರಾಗಿ ಸ್ಪೀಕರನ್ನು ಇಡಬಾರದೆಂಬುದಕ್ಕೆ ಇಷ್ಟು ಸಾಕು.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಜೇಬಿನಲ್ಲಿರುವ ಫೋನಿಗೂ ಕಿವಿಯಿದೆಯಲ್ಲ, ಸ್ಪೀಕರಿಗೆ ಮಾತ್ರ ಏಕೆ ಇಷ್ಟು ವಿಚಾರಣೆ, ಎಂಬುದು ಮೊದಲನೆಯದು. ಫೋನು ಒಬ್ಬರದು, ಅದನ್ನು ಇಟ್ಟುಕೊಂಡವರು ತಿಳಿದೇ ಇಟ್ಟುಕೊಂಡಿದ್ದಾರೆ. ಸ್ಪೀಕರಾದರೋ ಮನೆಯ ನಡುವೆ ಕುಳಿತು ಎಲ್ಲರ ಮಾತಿಗೂ ಕಿವಿಗೊಡುವ ವಸ್ತು. ಅದನ್ನು ಕೊಂಡವರು ಒಬ್ಬರು. ಅದರ ಮುಂದೆ ಮಾತನಾಡುವವರು ಅಜ್ಜಿ, ಮಗು, ಮನೆಗೆಲಸದ ಹೆಂಗಸು, ಕಷ್ಟ ಹೇಳಿಕೊಳ್ಳಲು ಬಂದ ನೆಂಟರು. ಅವರ ಒಪ್ಪಿಗೆಯನ್ನು ಯಾರು ಕೇಳಿದರು? ನಮ್ಮಲ್ಲಿ ಮುಚ್ಚಿಡುವಂಥದೇನಿದೆ ಎಂಬುದು ಎರಡನೆಯ ಆಕ್ಷೇಪ. ಮಗಳ ಮದುವೆಯ ಮಾತುಕತೆ, ವೈದ್ಯರು ಹೇಳಿದ ರೋಗ, ತೀರಿಸಬೇಕಾದ ಸಾಲ ಇವು ಯಾವುವೂ ಅಪರಾಧಗಳಲ್ಲ. ಆದರೂ ಇವುಗಳನ್ನು ಬೀದಿಯಲ್ಲಿ ನಿಂತು ಯಾರೂ ಹೇಳುವುದಿಲ್ಲ. ಗೋಡೆಗೂ ಕಿವಿಯುಂಟೆಂದು ಹಿರಿಯರು ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದರು. ನಾವು ಹಣ ಕೊಟ್ಟು ಆ ಕಿವಿಯನ್ನು ತಂದಿಡುತ್ತಿದ್ದೇವೆ.

ಹಾಗೆಂದ ಮಾತ್ರಕ್ಕೆ ಸ್ಪೀಕರನ್ನು ಕೊಳ್ಳಲೇಬಾರದೆಂದು ನಾನು ಹೇಳಲಾರೆ. ಕಣ್ಣು ಮಂದವಾದವರಿಗೆ, ಎದ್ದು ನಡೆಯಲಾರದವರಿಗೆ ಮಾತಿನಿಂದಲೇ ದೀಪ ಹಚ್ಚುವ, ಮಗನಿಗೆ ಕರೆ ಮಾಡುವ ಉಪಕರಣವು ದೊಡ್ಡ ಆಸರೆ. ಕೊಳ್ಳುವುದಾದರೆ ಈ ನಾಲ್ಕು ಪರೀಕ್ಷೆಗಳನ್ನು ಮಾಡಿ ಕೊಳ್ಳಬೇಕು.

ಮೊದಲನೆಯದು ಗುಂಡಿಯ ಪರೀಕ್ಷೆ. ಮೈಕ್ರೊಫೋನನ್ನು ನಿಲ್ಲಿಸುವ ಗುಂಡಿಯು ಪೆಟ್ಟಿಗೆಯ ಮೇಲೆಯೇ ಇರಬೇಕು. ಅದನ್ನು ಒತ್ತಿದಾಗ ಮೈಕ್ರೊಫೋನಿಗೆ ಹೋಗುವ ವಿದ್ಯುತ್ತೇ ಕಡಿಯುವಂತಿರಬೇಕು. ಫೋನಿನ ತೆರೆಯ ಮೇಲೆ ಬದಲಾಯಿಸುವ ಆಯ್ಕೆಯು ತಂತ್ರಾಂಶದ ಮಾತು. ಕೊಟ್ಟವರು ಅದನ್ನು ಹಿಂತೆಗೆದುಕೊಳ್ಳಬಲ್ಲರು. ಧ್ವನಿಮುದ್ರಣವನ್ನು ಸಂಸ್ಥೆಗೆ ಕಳುಹಿಸದಿರುವ ಆಯ್ಕೆಯೊಂದು ಅಮೆಜಾನಿನ ಕೆಲವು ಮಾದರಿಗಳಲ್ಲಿ ಇದ್ದಿತು. 2025ರ ಮಾರ್ಚ್ 28ರಿಂದ ಅದನ್ನು ತೆಗೆದುಹಾಕಲಾಯಿತು. ಕಡಿದ ತಂತಿಯನ್ನು ದೂರದಲ್ಲಿ ಕುಳಿತವರು ಯಾರೂ ಜೋಡಿಸಲಾರರು.

ಎರಡನೆಯದು ಅಂತರ್ಜಾಲವಿಲ್ಲದ ಪರೀಕ್ಷೆ. ಸಂಪರ್ಕವನ್ನು ಕಡಿದು, ಸ್ಪೀಕರು ಯಾವ ಕೆಲಸಗಳನ್ನು ಮಾಡಬಲ್ಲದೆಂದು ನೋಡಬೇಕು. ಏನೂ ಮಾಡದಿದ್ದರೆ, ನೀವು ಕೊಂಡದ್ದು ಯಂತ್ರವನ್ನಲ್ಲ, ದೂರದ ಯಂತ್ರವೊಂದರ ಬಾಗಿಲನ್ನು. ಆ ಬಾಗಿಲು ಒಂದು ದಿನ ಮುಚ್ಚಲೂಬಹುದು. 2017ರಲ್ಲಿ ಮಾರುಕಟ್ಟೆಗೆ ಬಂದ 'ಇನ್ವೋಕ್' ಎಂಬ ಸ್ಪೀಕರಿಗೆ ಮೈಕ್ರೊಸಾಫ್ಟ್ ಸಂಸ್ಥೆಯ ಧ್ವನಿಸಹಾಯಕವು 2021ರಲ್ಲಿ ನಿಂತುಹೋಗಿ, ಅದು ಸಾಧಾರಣ ಬ್ಲೂಟೂತ್ ಸ್ಪೀಕರಾಗಿ ಉಳಿಯಿತು.

ಮೂರನೆಯದು ಭಾಷೆಯ ಪರೀಕ್ಷೆ. ಅಮೆಜಾನಿನ ಅಲೆಕ್ಸಾ 2019ರಲ್ಲಿ ಹಿಂದಿಯನ್ನು ಕಲಿಯಿತು. ಫೋನಿನಲ್ಲಿ ಕನ್ನಡ ತಿಳಿಯುವ ಸಹಾಯಕವು ಸ್ಪೀಕರಿನಲ್ಲಿಯೂ ತಿಳಿಯುವುದೆಂದು ಊಹಿಸಬಾರದು. ಅಂಗಡಿಯಲ್ಲಿಯೇ ಮನೆಯ ಹಿರಿಯರಿಂದ, ಅವರ ಎಂದಿನ ಕನ್ನಡದಲ್ಲಿ, ಒಂದು ಆಜ್ಞೆ ಕೊಡಿಸಿ ನೋಡಿ. ಯಾರಿಗೆ ಅದರ ನೆರವು ಹೆಚ್ಚು ಬೇಕೋ ಅವರ ಮಾತೇ ಅದಕ್ಕೆ ತಿಳಿಯದಿದ್ದರೆ ಕೊಂಡು ಪ್ರಯೋಜನವೇನು? ಮನೆಯವರು ಯಂತ್ರಕ್ಕಾಗಿ ತಮ್ಮ ನುಡಿಯನ್ನು ಬದಲಾಯಿಸಿಕೊಳ್ಳುವುದು ತಲೆಕೆಳಗಾದ ಕ್ರಮ.

ನಾಲ್ಕನೆಯದು ಸ್ಥಳದ ಪರೀಕ್ಷೆ. ದೂರ ನಾಲ್ಕು ಪಟ್ಟಾದರೆ ನೇರವಾಗಿ ಬರುವ ಶಬ್ದದ ತೀವ್ರತೆ 16ನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮೇಲಾಗಿ ನಮ್ಮ ಮನೆಗಳ ಬೋಳುಗೋಡೆ, ಕಲ್ಲುಹಾಸು ನೆಲಗಳು ಧ್ವನಿಯನ್ನು ಪ್ರತಿಫಲಿಸಿ ಮಾತನ್ನು ಕಲಕುತ್ತವೆ. ಆದ್ದರಿಂದ ಮಿಕ್ಸಿ, ಕುಕ್ಕರುಗಳ ಬಳಿ ಇಟ್ಟ ಸ್ಪೀಕರು ತಪ್ಪಾಗಿ ಕೇಳಿಸಿಕೊಳ್ಳುವುದು ಹೆಚ್ಚು. ಜನ ಸೇರುವ ಪಡಸಾಲೆಯಲ್ಲಿ, ದೂರದರ್ಶನದಿಂದಲೂ ಕಿಟಕಿಯಿಂದಲೂ ದೂರವಾಗಿ ಇಡುವುದು ಲೇಸು. ಮಲಗುವ ಕೋಣೆಯಲ್ಲಿ ಸರ್ವಥಾ ಬೇಡ. ಇನ್ನು ಸಂಗೀತದ ಇಂಪು. ಅಂಗೈಯಗಲದ ಪೆಟ್ಟಿಗೆಯ ಸಣ್ಣ ಪೊರೆಯು ಮಂದ್ರಸ್ವರಕ್ಕೆ ಬೇಕಾದಷ್ಟು ಗಾಳಿಯನ್ನು ತಳ್ಳಲಾರದು. ಅದನ್ನು ಬಯಸುವವರು ದೊಡ್ಡ ಪೆಟ್ಟಿಗೆಯನ್ನೇ ಕೊಳ್ಳಬೇಕು. ಬಾಯಿಯ ವಿಷಯದಲ್ಲಿ ನಾನು ಹೇಳಬೇಕಾದುದು ಇಷ್ಟೇ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಕ್ಕೊರಲಿನಿಂದ ತೀರ್ಪಿತ್ತಿತು. ವ್ಯಕ್ತಿಗಳ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಕಾಯಿದೆಯನ್ನೂ ಮಾಡಿತು. ನ್ಯಾಯಾಲಯವೂ ಕಾಯಿದೆಯೂ ಮನೆಯ ಹೊಸ್ತಿಲವರೆಗೆ ಬಂದು ಕಾಯಬಲ್ಲವು; ಹೊಸ್ತಿಲಿನ ಒಳಗೆ, ನಮ್ಮನ್ನು ನಂಬಿ ಬಂದು ಕುಳಿತವರ ಮಾತನ್ನು ಕಾಯಬೇಕಾದವರು ನಾವು.

ನನ್ನ ಮಿತ್ರರು ಅಂದು ಬರಿಗೈಯಲ್ಲಿ ಹಿಂದಿರುಗಿದರು. ಮನೆಯವರನ್ನೆಲ್ಲ ಕೂರಿಸಿಕೊಂಡು ವಿಷಯವನ್ನು ತಿಳಿಸಿ, ವಾರ ಕಳೆದ ಮೇಲೆ, ಗುಂಡಿಯಿರುವ ಒಂದು ಸಾಧಾರಣ ಸ್ಪೀಕರನ್ನು ಕೊಂಡರು. ನೆಂಟರು ಬಂದಾಗ ಆ ಗುಂಡಿಯನ್ನು ಒತ್ತುವ ಕೆಲಸವನ್ನು ಅವರ ಎಂಟನೆಯ ತರಗತಿಯ ಮಗಳು ವಹಿಸಿಕೊಂಡಿದ್ದಾಳೆ. ಕೆಂಪು ದೀಪ ಹೊತ್ತಿದ ಮೇಲೆಯೇ ಕಾಫಿ ಬರುತ್ತದೆಂದು ಮೊನ್ನೆ ಅವರು ನಗುತ್ತ ಹೇಳಿದರು. ಅಂಥ ಮಕ್ಕಳು ಪ್ರತಿ ಮನೆಯಲ್ಲಿಯೂ ಇರಲಿ.