ಗುಳಿಗಿ ಬಿಡೋದಕ್ಕೂ ಹಂಗಾಮು ನೋಡ್ರಿ

ಖಿನ್ನತೆಗೆ ಗುಳಿಗಿ ತಗೊಳಾಕತ್ತಿ ನನಗ 3 ವರ್ಷ. "ಇನ್ನೂ ಎಷ್ಟು ದಿನ? ಚಟ ಆಗ್ತದ, ಬಿಡು" ಅಂತಾರ ಕಮಲಾಪುರದಾಗ. ಕೆಂಪು ಬಾಳಿ ಗೊನಿಗೆ ವರ್ಷ ದಾಟಿ ಕಾಯೋ ಮಂದಿನೇ ಹಿಂಗ ಅಂತಾರ ನೋಡ್ರಿ.

ಮೊದಲ ಸಲ ಬಂದಿದ್ರ, ಆರಾಮಾದ ಮ್ಯಾಲೂ ಕನಿಷ್ಠ 6 ತಿಂಗಳು ಗುಳಿಗಿ ಮುಂದುವರಿಸಬೇಕು ಅಂತಾರ ವೈದ್ಯರು. ಮರಳಿ ಬಂದವರಿಗೆ ವರ್ಷಗಟ್ಟಲೆ ಬೇಕಾಗಬಹುದು. ನನಗ ಎರಡು ಸಲ ಬಂದದ.

2021ರಲ್ಲಿ ಇಂಗ್ಲೆಂಡಿನ ಒಂದು ಅಧ್ಯಯನ ಪ್ರಕಟವಾಯ್ತು. ಬಹಳ ದಿನ ಗುಳಿಗಿ ತಗೊಂಡು ಆರಾಮಿದ್ದವರು ನಿಧಾನವಾಗಿ ಬಿಟ್ಟಾಗ, ವರ್ಷದೊಳಗ 100ರಲ್ಲಿ 56 ಮಂದಿಗೆ ಖಿನ್ನತೆ ಮರಳಿತು. ಮುಂದುವರಿಸಿದವರಲ್ಲಿ 39 ಮಂದಿಗೆ. ಅಂದ್ರ ಬಿಟ್ಟೂ ಆರಾಮ ಇದ್ದವರು ಅದಾರ, ತಗೊಂಡೂ ಬಿದ್ದವರು ಅದಾರ. ಎಲ್ಲರಿಗೂ ಒಂದೇ ಲೆಕ್ಕ ಇಲ್ರಿ.

ಅದಕ್ಕ ಈ ನಿರ್ಧಾರ ಕಟ್ಟಿ ಮ್ಯಾಲಿನ ಮಾತಿಗೆ ಬಿಡಬ್ಯಾಡ್ರಿ. ಕಲಬುರಗಿಗೆ ಹೋಗಿ ವೈದ್ಯರನ್ನ ಕೇಳಿ, ಹಂತ ಹಂತವಾಗಿ ಡೋಸ್ ಇಳಿಸಬೇಕು. ಒಮ್ಮೆಲೇ ಬಿಟ್ರ ತಲಿ ತಿರುಗಬಹುದು, ನಿದ್ದಿ ಕೆಡಬಹುದು. ಬಿತ್ತನಿ ಸಾಲ, ತೊಗರಿ ರೇಟಿನ ಚಿಂತಿ ಇರೋ ತಿಂಗಳಾಗ ಇಳಿಸೋದು ಬ್ಯಾಡ ಅನ್ನೋದು ನನ್ನ ಮಾತು.

ನಾನು ಸದ್ಯ ಮುಂದುವರಿಸ್ತೀನಿ. ತೊಗರಿ ರಾಶಿ ಆದ ಮ್ಯಾಲ ವೈದ್ಯರನ್ನ ಮತ್ತ ಕೇಳ್ತೀನಿ. ಯಾರ ಮುಂದೂ ಹೇಳಾಕ ಆಗದವರು ಟೆಲಿ ಮಾನಸ್ 14416ಕ್ಕ ಫೋನ್ ಮಾಡ್ರಿ. ರೊಕ್ಕ ಇಲ್ಲ, ಕನ್ನಡದಾಗೇ ಮಾತಾಡ್ತಾರ.