ಮೆಣಸಿನ ಬಳ್ಳಿಯೂ ದೊಡ್ಡವರ ಔದಾರ್ಯವೂ

ಸಣ್ಣ ನೆರೆರಾಜ್ಯಕ್ಕೆ ಬಾಗಿಲು ತೆರೆಯಬೇಕೆಂಬುದನ್ನು ನಾನು ಅಲ್ಲಗಳೆಯುವವನಲ್ಲ. 1998ರಲ್ಲಿ ಶ್ರೀಲಂಕೆಯೊಡನೆ ವ್ಯಾಪಾರದ ಒಪ್ಪಂದವಾದಾಗ, ಸುಂಕ ತೆಗೆಯಲು ನಮಗೆ ಮೂರು ವರ್ಷ, ಅವರಿಗೆ ಎಂಟು ವರ್ಷ ಎಂದು ಗೊತ್ತುಮಾಡಿದರು. ದೊಡ್ಡವರು ಅಷ್ಟು ಬಿಟ್ಟುಕೊಡುವುದು ಒಪ್ಪತಕ್ಕದ್ದೇ. ಆದರೆ ಬಿಟ್ಟುಕೊಟ್ಟದ್ದು ಯಾರ ಗಂಟು? ಕೊಡಗು, ಚಿಕ್ಕಮಗಳೂರು, ಹಾಸನಗಳ ಕಾಫಿತೋಟದಲ್ಲಿ ನೆರಳುಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದವನದು. ಕಾಫಿಯ ಬೆಲೆ ಬಿದ್ದ ವರ್ಷ, ಸಾಲ ಕೊಟ್ಟವರ ಮುಂದೆ ಅವನ ಮಾನ ಉಳಿಸುವುದು ಆ ಬಳ್ಳಿಯೇ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

ಇದರಲ್ಲಿ ಇನ್ನೊಂದು ವಿನೋದವುಂಟು. ಸರಕಿನ ಮೌಲ್ಯದಲ್ಲಿ ಶೇಕಡ 35ರಷ್ಟಾದರೂ ಶ್ರೀಲಂಕೆಯಲ್ಲಿಯೇ ಕೂಡಿರಬೇಕೆಂಬುದು ನಿಯಮ. ವಿಯಟ್ನಾಮಿನ ಮೆಣಸೇ ಅಲ್ಲಿ ಚೀಲ ಬದಲಿಸಿ ಬರುತ್ತಿದೆಯೆಂದು ಬೆಳೆಗಾರರು ಕೂಗಿಕೊಂಡರು. ಕಾಗದ ನೋಡುವ ಅಧಿಕಾರಿಗೆ ಕಾಳಿನ ಹುಟ್ಟೂರು ಹೇಗೆ ತಿಳಿಯಬೇಕು? ಕಡೆಗೆ 2017ರ ಡಿಸೆಂಬರಿನಲ್ಲಿ ಸರ್ಕಾರವು ಕಿಲೋಗೆ 500 ರೂಪಾಯಿಗಿಂತ ಕಡಮೆ ಬೆಲೆಯ ಆಮದು ಕೂಡದೆಂದಿತು. ಕೂಗು ಬರಿಯ ಗುಲ್ಲಾಗಿದ್ದರೆ ಈ ಕಟ್ಟಳೆ ಏತಕ್ಕೆ?

ಅಗ್ಗದ ಮೆಣಸು ಪೇಟೆಯವರಿಗೆ ಲಾಭವಲ್ಲವೆ ಎಂದು ಮಿತ್ರರೊಬ್ಬರು ಕೇಳಿದರು. ಅವರ ಮನೆಯ ಸಾರಿಗೆ ತಿಂಗಳಿಗೆ ಒಂದು ಹಿಡಿ ಮೆಣಸು ಸಾಕು. ಉಳಿಯುವುದು ನಾಲ್ಕು ಕಾಸು. ತೋಟದವನಿಗಾದರೋ ಅದು ವರ್ಷದ ಬಾಳು. ನೆರೆಯವರಿಗೆ ರಿಯಾಯಿತಿ ಇರಲಿ. ಅದರ ನಷ್ಟವನ್ನು ಬೊಕ್ಕಸ ಹೊರಲಿ, ಬಳ್ಳಿ ನೆಟ್ಟವನ ತಲೆಗೆ ಕಟ್ಟುವುದು ಬೇಡ.